ಟ್ಯಾಂಕಿನ ಮೇಲಿನ ಹನಿ

ಹನಿ ಜಾರುತ್ತಿದೆ, ಬೈಕಿನ ಟ್ಯಾಂಕಿನ ಕೆಂಪು ಬಣ್ಣದ ಮೇಲೆ, ಬಾಟ್ಲಿಯಿಂದ ಬಿದ್ದಾಗ ಮೆಣಸಿನ ಕಾಳಿನಷ್ಟಿದ್ದದ್ದು ಈಗ ಹಿಂದೆ ಒಂದು ಎಳೆ ಬಿಟ್ಟುಕೊಂಡು ಸೀಟಿನ ಕಡೆಗೆ, ಅವಸರವಿಲ್ಲದೆ, ಹೊಟ್ಟೆಯೊಳಗೆ ಆಕಾಶದ ಒಂದು ಚೂರು ಇಟ್ಟುಕೊಂಡು — ಅದನ್ನೇ ನೋಡುತ್ತಿದ್ದುದರಿಂದ ಮಾತು ಮೊದಲು ಅವನ ಕಿವಿಗೆ ಬೀಳಲಿಲ್ಲ, ಬೆನ್ನಿಗೆ ಬಿತ್ತು, ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು ನೋಡಿ, ಅಂತ ಭಾವ ಅಂದದ್ದು, ಅವನಿಗಲ್ಲ, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ತನ್ನ ಕಾರ್ಖಾನೆಯ ಇಬ್ಬರು ಸ್ನೇಹಿತರಿಗೆ, ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವನು ಇವನು, ಬ್ರೇಕ್ ಆಯಿಲ್ ಪೈಂಟ್ ತಿನ್ನುತ್ತೆ ಅಂತ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ, ಓದೋಕೆ ಬಂದಿದ್ದರೆ ಗೊತ್ತಾಗ್ತಿತ್ತು, ಅಲ್ವೇನೋ, ಹೆಂಡತಿ ತಮ್ಮ ಅಂತ ರಿಪೇರಿಗೆ ಗಾಡಿ ಕೊಟ್ಟೆ, ನನ್ನ ಬುದ್ಧಿಗೆ ನಾನೇ ಹೊಡ್ಕೋಬೇಕು. ಕರೀ ಕನ್ನಡಕದವನು ನಕ್ಕ, ಇನ್ನೊಬ್ಬ, ಸ್ವಲ್ಪ ಸಂಕೋಚದವನು, ಟೀ ಲೋಟದೊಳಗೆ ನಕ್ಕ, ಮೇಲಿನ ಮನೆಯ ಬಾಡಿಗೆಯಾಕೆ ಒಗೆದ ಸೀರೆ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಿ ಕಟಕಟೆಯಿಂದ ಬಗ್ಗಿದಳು, ಅಮ್ಮ ಟ್ರೇ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು, ಒಳಗೂ ಹೋಗದೆ ಹೊರಗೂ ಬಾರದೆ. ಅಕ್ಕ ಮಾತ್ರ ತನ್ನ ಸೆರಗಿನಿಂದ ಹನಿಯನ್ನು ಒರೆಸಲು ಹೋದಳು, ಭಾವ ಅವಳ ಕೈ ತಡೆದ, ಬೇಡ, ಉಜ್ಜಿದರೆ ಇನ್ನೂ ಹರಡುತ್ತೆ, ಇವನೇ ನೀರು ಹಾಕಿ ತೊಳೀಲಿ, ಅಂದವನು ಅವನ ಕಡೆ ತಿರುಗಿದ, ನೀನು ಬಾಯಿ ಮುಚ್ಚಿಕೊಂಡು ಕೈ ಆಡಿಸೋ, ಅಷ್ಟು ಸಾಕು ನಿನ್ನಿಂದ.

ಬಾಯಿ ಮುಚ್ಚಿಕೊಂಡು ಕೈ ಆಡಿಸು. ಸರಿ. ಎಂಟನೇ ನಂಬರಿನ ಸ್ಪ್ಯಾನರ್ ಕೈಯಲ್ಲಿದೆ, ಬಾಯಿ ಮುಚ್ಚಿದೆ, ಬಾಯಿ ತೆರೆದಿದ್ದು ಯಾವಾಗ — ಬೆಳಿಗ್ಗೆ ಒಮ್ಮೆ, ಅದೂ ಭಾವನೇ ತೆರೆಸಿದ್ದು, ಕ್ಲಚ್ಚಿನ ಆಯಿಲ್ ಡಬ್ಬಿಯ ಮುಚ್ಚಳ ತೋರಿಸಿ, ಓದು ನೋಡೋಣ, ಏನು ಬರೆದಿದೆ, ಗ್ಯಾರೇಜಲ್ಲಿ ಆರು ವರ್ಷ ಮಣ್ಣು ಹೊತ್ತಿದ್ದೀಯಲ್ಲ. ಹಿತ್ತಾಳೆ ಬಣ್ಣದ ಮುಚ್ಚಳ, ಅದರ ಮೇಲೆ ಸುತ್ತ ಕೊರೆದ ಇಂಗ್ಲಿಷ್ ಅಕ್ಷರ, ಅವನು ಓದಬಲ್ಲ, ಓದುವುದಿಲ್ಲ ಅಂತಲ್ಲ, ಒಬ್ಬನೇ ಇದ್ದರೆ ಓದುತ್ತಾನೆ, ಒಂದೊಂದೇ ಅಕ್ಷರವನ್ನು ನಟ್ಟು ಬಿಚ್ಚಿದ ಹಾಗೆ ಬಿಚ್ಚಿ ಜೋಡಿಸಿಕೊಂಡು, ಆದರೆ ಯಾರಾದರೂ ನೋಡುತ್ತಿದ್ದರೆ ಅಕ್ಷರಗಳು ಇರುವೆ ಸಾಲಿಗೆ ನೀರು ಬಿದ್ದ ಹಾಗೆ ಚೆದುರಿ ಹೋಗುತ್ತವೆ, ಕೊನೆಯ ಪದ ಒಂದು ಹತ್ತಿತು, ಓನ್ಲಿ, ಅಂದ. ಓನ್ಲಿ, ಅಂತ ಕರೀ ಕನ್ನಡಕದವನು ತಿರುಗಿ ಹೇಳಿದ, ಓನ್ಲಿ ಏನಪ್ಪಾ, ಟೀನಾ ಕಾಫಿನಾ. ಭಾವ ತಾನೇ ಓದಿ ಹೇಳಿದ, ಪಾಠ ಹೇಳುವ ಹಾಗೆ, ಮಿನರಲ್ ಆಯಿಲ್ ಮಾತ್ರ, ಅಂದರೆ ಈ ಗಾಡಿಗೆ ಬೇರೆ ಯಾವುದೂ ಆಗಲ್ಲ, ಅದಕ್ಕೇ ನಾನೇ ಹೋಗಿ ತಂದೆ, ನಿನ್ನನ್ನ ಕಳಿಸಿದ್ದರೆ ತಲೆಗೆ ಹಚ್ಚೋ ಎಣ್ಣೆ ತರ್ತಿದ್ದೆ, ಇಗೋ, ಒಂದೇ ಬಾಟ್ಲು, ಕ್ಲಚ್ಚು, ಮುಂದಿನ ಬ್ರೇಕು, ಹಿಂದಿನ ಬ್ರೇಕು, ಮೂರಕ್ಕೂ ಸಾಕು. ದಿನವಿಡೀ ಬೇರೆಯವರು ಮಾಡಿದ ಬೋಲ್ಟು ಬೇರಿಂಗುಗಳನ್ನು ಕಣ್ಣಿನ ಹತ್ತಿರ ಹಿಡಿದು ಇದು ಸರಿ ಇದು ತಪ್ಪು ಅಂತ ಎರಡು ಡಬ್ಬಕ್ಕೆ ಹಾಕುವ ಕೆಲಸ ಭಾವನದು, ಮನೆಗೆ ಬಂದರೂ ಅದೇ ಕಣ್ಣು, ಅಮ್ಮನ ಟೀ, ಅಕ್ಕನ ಸೀರೆಯ ಬಣ್ಣ, ಮಗಳು ಪುಟ್ಟಿಯ ಉಚ್ಚಾರ, ಅವನ ಉಗುರು, ಎಲ್ಲವೂ ತಪ್ಪಿನ ಡಬ್ಬಕ್ಕೆ.

ಹಿಡಿ ಅಕ್ಕ, ಅಂದ. ಹಿಡಿದೆ, ಅಂದಳು ಅಕ್ಕ, ಹ್ಯಾಂಡಲಿನ ಲಿವರ್ ಅದುಮಿ. ಅವನು ಕೆಳಗೆ, ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ, ಬ್ರೇಕಿನ ಆಯಿಲ್ ಹೊರಬಿಡುವ ಚಿಕ್ಕ ನಿಪ್ಪಲನ್ನು ಕಾಲು ಸುತ್ತು ತಿರುಗಿಸಿದ, ಪಾರದರ್ಶಕ ಕೊಳವೆಯೊಳಗೆ ಹಳೇ ಬ್ರೇಕ್ ಆಯಿಲ್ ಹರಿಯಿತು, ಕಷಾಯದ ಬಣ್ಣ, ಅದರ ಜೊತೆ ಸೋಪಿನ ನೊರೆಯಂಥ ಗುಳ್ಳೆಗಳು, ಅದೇ ಗಾಳಿ, ಪೈಪಿನೊಳಗೆ ಸೇರಿಕೊಂಡು ಬ್ರೇಕನ್ನು ಸ್ಪಂಜು ಮಾಡುವ ಗಾಳಿ, ನಿಪ್ಪಲು ಮುಚ್ಚಿದ, ಬಿಡು. ಬಿಟ್ಟೆ. ಹಿಡಿ. ಹಿಡಿದೆ. ಬಿಡು. ಈ ಕೆಲಸಕ್ಕೆ ಇಬ್ಬರು ಬೇಕು, ಒಬ್ಬರ ಮಾತು ಇನ್ನೊಬ್ಬರ ಕೈಗೆ ಹೋಗಬೇಕು, ಹಿಡಿದಾಗ ತೆರೀಬೇಕು, ಬಿಡೋಕೆ ಮುಂಚೆ ಮುಚ್ಚಬೇಕು, ಒಂದು ಮಾತು ತಪ್ಪಿದರೆ ಹೊರಗಿನ ಗಾಳಿ ಒಳಗೆ ಹೋಗಿ ಕೂರುತ್ತೆ, ಗ್ಯಾರೇಜಿನ ಮೇಸ್ತ್ರಿ ಹೇಳುತ್ತಿದ್ದ, ಗಂಡ ಹೆಂಡತಿ ಮಾಡಬಾರದು ಇದನ್ನ, ಗಾಡಿ ಬದಲು ಸಂಸಾರ ರಿಪೇರಿಗೆ ಬರುತ್ತೆ. ಅಕ್ಕನ ಜೊತೆ ತಪ್ಪುವುದಿಲ್ಲ. ಅಕ್ಕನ ಜೊತೆ ಚಿಕ್ಕಂದಿನಿಂದ ಹೀಗೇ, ಅವಳು ಬಾವಿ ಹಗ್ಗ ಬಿಡುವುದು ಅವನು ಹಿಡಿಯುವುದು, ಅವಳು ಓದುವುದು ಅವನು ಕೇಳುವುದು, ಸಿನಿಮಾ ಪೋಸ್ಟರು, ಔಷಧಿ ಚೀಟಿ, ಡ್ರೈವಿಂಗ್ ಲೈಸೆನ್ಸಿನ ಅರ್ಜಿ. ಅವತ್ತೂ ಅವಳೇ ತಾನೆ ಅವನ ಬ್ಯಾಗು ಸ್ಕೂಲಿಂದ ತಂದದ್ದು, ಏಳನೇ ಕ್ಲಾಸು, ಮೂರನೇ ಬೆಂಚು, ಎದ್ದು ನಿಂತು ಓದು ಅಂದರು ಮೇಷ್ಟ್ರು, ಅವನು ನಿಂತ, ಇರುವೆಗಳು ಚೆದುರಿದವು, ಇಡೀ ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು, ಏನಯ್ಯ, ನಾಲಿಗೆ ಅಡವಿಟ್ಟಿದ್ದೀಯಾ ಅಂದರು, ಅವನು ಪುಸ್ತಕ ಮುಚ್ಚಿ ಬೆಂಚಿನ ಮೇಲಿಟ್ಟ, ಬಾಗಿಲ ಕಡೆ ನಡೆದ, ಎಲ್ಲಿಗೋ, ಅಂದರು, ನಿಲ್ಲೋ, ಅಂದರು, ಅವನು ಗೇಟು ದಾಟಿದ, ಮತ್ತೆ ಹೋಗಲಿಲ್ಲ. ಹಿಡಿ. ಹಿಡಿದೆ. ಎಷ್ಟು ಹೊತ್ತು ಕಣೋ ಇನ್ನೂ, ಕೈ ನೋಯ್ತಿದೆ, ಅಂದಳು ಮೆಲ್ಲಗೆ, ಆಮೇಲೆ ಇನ್ನೂ ಮೆಲ್ಲಗೆ, ಅವರ ಮಾತು ಮನಸ್ಸಿಗೆ ಹಚ್ಕೋಬೇಡ ಮರಿ, ಸ್ನೇಹಿತರು ಇದ್ದಾಗ ಹಾಗೇ ಅವರು, ಒಬ್ಬರೇ ಇದ್ದಾಗ — ಬಿಟ್ಟೆ, ಅಂದಳು.

ಆಗ ನೆನಪಾಯಿತು, ಟ್ಯಾಂಕು ತೊಳೆದಿಲ್ಲ. ಎದ್ದ, ಒದ್ದೆ ಬಟ್ಟೆ ಹಿಡಿದು ನೋಡಿದ, ಹನಿ ಸೀಟಿನ ಅಂಚಿಗೆ ಬಂದು ನಿಂತಿತ್ತು, ಬಣ್ಣ ಹಾಗೇ ಇತ್ತು. ಹಾಗೇ ಇತ್ತು. ಹತ್ತು ನಿಮಿಷವಾದರೂ ಆಗಿದೆ, ಬಿಸಿಲು ನೇರ ಬೀಳುತ್ತಿದೆ, ಇಷ್ಟು ಹೊತ್ತಿಗೆ ಆ ಜಾಗದ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಬಟ್ಟೆಗೆ ಕೆಂಪಾಗಿ ಬರಬೇಕಿತ್ತು, ಅವನು ಕಂಡಿದ್ದಾನೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಂದು ಹೊಸ ಗಾಡಿಯ ಟ್ಯಾಂಕಿನ ಮೇಲೆ ಚೆಲ್ಲಿ ಮೇಸ್ತ್ರಿಯ ಕೈಲಿ ಬೆನ್ನಿಗೆ ಎರಡು ತಿಂದಿದ್ದಾನೆ, ಪುಸ್ತಕದಲ್ಲಿ ಓದಬೇಕಾಗಿಲ್ಲ, ಬೆನ್ನ ಮೇಲೆ ಬರೆದಿದೆ. ಬಟ್ಟೆಯಿಂದ ಒರೆಸಿದ. ಬಣ್ಣ ಇನ್ನೂ ಹೊಳೆಯಿತು, ಪಾಲಿಶ್ ಹಾಕಿದ ಹಾಗೆ. ಪೈಂಟ್ ತಿನ್ನದ ಬ್ರೇಕ್ ಆಯಿಲ್ ಇಲ್ಲ, ಮೇಸ್ತ್ರಿ ಹೇಳುತ್ತಿದ್ದ, ನಾವು ಬಾಯಿಮಾತಿಗೆ ಆಯಿಲ್ ಅಂತೀವಿ, ಅದರಲ್ಲಿ ಎಣ್ಣೆಯ ಪಸೆ ಇಲ್ಲ, ನೀರು ಹಾಕಿದರೆ ನೀರಲ್ಲಿ ಬೆರೆತು ಹೋಗುತ್ತೆ, ಬೆರೀಲಿಲ್ಲ ಅಂದರೆ ಅದನ್ನ ಬ್ರೇಕಿನ ಹತ್ತಿರ ತರಬೇಡ. ಸ್ಪ್ಯಾನರ್ ಕೆಳಗಿಟ್ಟು ಬಕೆಟ್ಟಿನ ಹತ್ತಿರ ಹೋಗಿ ಕೈ ಅದ್ದಿದ. ನೀರಿನ ಮೇಲೆ ಬಣ್ಣಬಣ್ಣದ ಉಂಗುರಗಳು ಬಿಚ್ಚಿಕೊಂಡವು, ನೇರಳೆ, ಹಸಿರು, ಬಂಗಾರ, ಒಂದರೊಳಗೊಂದು, ಬೆರಳು ಎಷ್ಟು ಉಜ್ಜಿದರೂ ಜಾರು. ಬೆರೆಯಲಿಲ್ಲ. ಎಣ್ಣೆ. ಬರೀ ಎಣ್ಣೆ. ಕ್ಲಚ್ಚಿಗೆ ಅದೇ ಸರಿ, ಮುಚ್ಚಳದ ಮೇಲೆ ಬರೆದದ್ದು ಕ್ಲಚ್ಚಿನ ವಿಷಯ, ಅದರ ರಬ್ಬರು ಬೇರೆ ಜಾತಿ, ಭಾವ ಓದಿದ್ದು ಒಂದು ಮುಚ್ಚಳ, ತಂದದ್ದು ಅದಕ್ಕೆ, ಸುರಿಸಿದ್ದು ಎಲ್ಲದಕ್ಕೂ, ಬ್ರೇಕಿನ ಮುಚ್ಚಳದ ಮೇಲೆ ವರ್ಷಗಳ ಧೂಳು ಗ್ರೀಸು ಮೆತ್ತಿ ಕರ್ರಗಾಗಿ ಕೂತಿದೆ, ಅದನ್ನು ಯಾರೂ ಓದಲಿಲ್ಲ. ಎಲ್ಲ ಓದಿದವನೂ ಓದಲಿಲ್ಲ.

ನಗು ಬಂತು ಅವನಿಗೆ, ನುಂಗಿಕೊಂಡ. ತಿರುಗಿದ. ಭಾವ, ಅಂದ, ಈ ಬಾಟ್ಲು — ಭಾವ ಕರೀ ಕನ್ನಡಕದವನಿಗೆ ಬೆಟ್ಟದ ರಸ್ತೆಯ ತಿರುವುಗಳನ್ನು ಕೈಯಲ್ಲಿ ಬಿಡಿಸಿ ತೋರಿಸುತ್ತಿದ್ದ, ಹನ್ನೊಂದು ತಿರುವು, ಒಂದಕ್ಕಿಂತ ಒಂದು, ಕೈ ನಿಲ್ಲಿಸದೆಯೇ ಅಂದ, ಏನು, ಬಾಟ್ಲು ಖಾಲಿ ಆಯ್ತಾ, ಟ್ಯಾಂಕಿಗೆ ಸ್ನಾನ ಮಾಡಿಸಿದರೆ ಖಾಲಿ ಆಗದೆ ಏನು. ಅಲ್ಲ ಭಾವ, ಇದು ಬ್ರೇಕಿಗೆ — ಅಯ್ಯೋ ನೋಡಿ ಸಾರ್, ಈಗ ನಮಗೆ ಪಾಠ ಶುರು, ಓನ್ಲಿ ಮೇಷ್ಟ್ರು ಬಂದರು. ಓನ್ಲಿ ಮೇಷ್ಟ್ರು, ಅಂತ ಕರೀ ಕನ್ನಡಕದವನು ತೊಡೆ ತಟ್ಟಿದ, ಹೆಲ್ಮೆಟ್ ಉರುಳಿ ಮೆಟ್ಟಿಲಿಂದ ಮೆಟ್ಟಿಲಿಗೆ ಬಿದ್ದು ಅವನ ಕಾಲ ಹತ್ತಿರ ಬಂದು ನಿಂತಿತು, ಕತ್ತರಿಸಿದ ತಲೆಯ ಹಾಗೆ, ಕೊಡಪ್ಪ ಇಲ್ಲಿ, ಅಂದ. ಅವನು ಬಗ್ಗಿ ಎತ್ತಿ ಕೊಟ್ಟ. ಮೇಲಿನ ಮನೆಯಾಕೆ ಈ ಸಲ ಮುಚ್ಚುಮರೆ ಇಲ್ಲದೆ ನಕ್ಕಳು. ಪುಟ್ಟಿ, ಅಕ್ಕನ ಮಗಳು, ಮೂರು ವರ್ಷದವಳು, ಏನಕ್ಕೆ ಅಂತ ಗೊತ್ತಿಲ್ಲದೆ ಅವಳೂ ನಕ್ಕಳು, ಓಲ್ಲಿ ಮಾಮ, ಓಲ್ಲಿ ಮಾಮ, ಅಂತ ಚಪ್ಪಾಳೆ ತಟ್ಟಿದಳು. ಭಾವ ಅಂದ, ಮಾತು ಕಮ್ಮಿ ಮಾಡಿ ಕೆಲಸ ಮುಗಿಸೋ, ಊಟದ ಹೊತ್ತಿಗೆ ಬೆಟ್ಟದ ಮೇಲಿರಬೇಕು ನಾವು. ಅಮ್ಮ ಟ್ರೇ ತಗೊಂಡು ಅವನ ಪಕ್ಕದಲ್ಲಿ ಹಾದು ಹೋಗುತ್ತ ತುಟಿ ಆಡಿಸದೆ ಅಂದಳು, ಸುಮ್ಮನಿರು, ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ, ನಾಳೆ ಅವಳು ಅವರ ಜೊತೆ ಬಾಳಬೇಕು. ಸರಿ ಅಮ್ಮ. ಬಾಯಿ ಮುಚ್ಚಿಕೊಂಡು ಕೈ ಆಡಿಸುತ್ತೇನೆ.

ಹಿಡಿ, ಅಂದ. ಹಿಡಿದೆ. ಕೊಳವೆಯಲ್ಲಿ ಕಷಾಯ ಮುಗಿಯುತ್ತಾ ಬಂತು, ಅದರ ಬೆನ್ನ ಹಿಂದೆ ತಿಳಿ ಎಣ್ಣೆ, ಬೆರೆಯದೆ, ದುಂಡು ದುಂಡು ತುಂಡಾಗಿ, ಕಪ್ಪು ನೀರಿನಲ್ಲಿ ಕಣ್ಣುಗಳು ಬಂದ ಹಾಗೆ. ಬಿಡು. ಎಣ್ಣೆ ಈಗ ಒಳಗೆ ಹೋಯಿತು, ಮೇಲಿನ ಡಬ್ಬಿಯಿಂದ ಪೈಪಿಗೆ, ಪೈಪಿಂದ ಚಕ್ರದ ಹತ್ತಿರ ರಬ್ಬರ್ ಸೀಲುಗಳು ಕೂತಿರುವ ಕತ್ತಲೆಗೆ. ಮೇಸ್ತ್ರಿ ಬಾಯಲ್ಲಿ ಹೇಳಿ ಬಿಡುವವನಲ್ಲ, ಒಂದು ಸಂಜೆ ಅಂಗಡಿ ಮುಚ್ಚುವ ಮುಂಚೆ ಬಾಟ್ಲಿಯ ಮುಚ್ಚಳದಲ್ಲಿ ಎಣ್ಣೆ ಸುರಿದು ಅದರೊಳಗೆ ಬ್ರೇಕಿನ ಒಂದು ಹೊಸ ರಬ್ಬರ್ ಉಂಗುರ ಹಾಕಿದ, ಅವನ ಕಿರುಬೆರಳಿಗೆ ಸರಿಯಾಗಿ ಕೂರುವಷ್ಟು ಚಿಕ್ಕದು, ಗಟ್ಟಿ, ಚೊಕ್ಕ, ಬೆಳಿಗ್ಗೆ ಬಂದು ನೋಡು ಅಂದ. ಬೆಳಿಗ್ಗೆ ನೋಡಿದರೆ ಮುಚ್ಚಳದ ತುಂಬ ಅದೇ, ಉಬ್ಬಿ, ಮೆತ್ತಗಾಗಿ, ರಕ್ತ ಕುಡಿದ ಜಿಗಣೆಯ ಹಾಗೆ ಸುರುಳಿ ಸುತ್ತಿ ಮಲಗಿತ್ತು, ಎಣ್ಣೆ ಅರ್ಧ ಇರಲಿಲ್ಲ, ಕುಡಿದುಬಿಟ್ಟಿತ್ತು. ಹಾಕು ನೋಡೋಣ ಇದನ್ನ ಅದರ ಜಾಗಕ್ಕೆ, ಅಂದ ಮೇಸ್ತ್ರಿ. ಹಾಕಲಾಗಲಿಲ್ಲ. ಒಳಗಿದ್ದೇ ಹೀಗೆ ಉಬ್ಬಿತು ಅಂತಿಟ್ಕೋ, ಅಂದ ಮೇಸ್ತ್ರಿ, ಮೊದಲು ಬ್ರೇಕು ಹಿಡಿದರೆ ಬಿಡಲ್ಲ, ಹಿಂದಕ್ಕೆ ಬರೋಕೆ ಜಾಗ ಇಲ್ಲ, ಚಕ್ರ ಉಜ್ಜಿ ಉಜ್ಜಿ ಕಾಯುತ್ತೆ, ಕಾದ ಮೇಲೆ ಇನ್ನೂ ಉಬ್ಬುತ್ತೆ, ಆಮೇಲೆ ರಬ್ಬರು ಹರೀತು ಅಂದರೆ, ಬಿಟ್ಟರೆ ಹಿಡಿಯಲ್ಲ. ಹಿಡಿದರೆ ಬಿಡಲ್ಲ, ಬಿಟ್ಟರೆ ಹಿಡಿಯಲ್ಲ, ಅವನಿಗೆ ಆಗ ಹದಿನಾಲ್ಕು, ಜೋಗುಳದ ಹಾಗೆ ಬಾಯಿಪಾಠವಾಗಿತ್ತು. ಹಿಡಿ. ಹಿಡಿದೆ. ಬಿಡು. ಬಿಟ್ಟೆ. ಅಕ್ಕನ ದನಿ ಮೇಲಿನಿಂದ, ಚಕ್ರದ ಕಡ್ಡಿಗಳ ನಡುವೆ ಅವಳ ಪಾದ, ಎರಡನೇ ಬೆರಳಿನ ಮೇಲೆ ಹಳೇ ಗಾಯದ ಕಲೆ, ಅವನ ಸೈಕಲ್ಲಿನ ಚೈನಿಗೆ ಸಿಕ್ಕದ್ದು, ಆಗಲೂ ಅವಳು ಅತ್ತಿರಲಿಲ್ಲ, ಅಮ್ಮನಿಗೆ ಹೇಳಬೇಡ ಅಂದಿದ್ದಳು.

ಹೇಳಬಹುದು. ಈಗಲೂ ಹೇಳಬಹುದು, ನಾಲ್ಕು ಪದ, ಇದು ಬ್ರೇಕ್ ಆಯಿಲ್ ಅಲ್ಲ, ಅಷ್ಟೇ, ಎಷ್ಟು ಸುಲಭ, ನಾಲಿಗೆ ಒಂದು ಕಾಲು ಸುತ್ತು ತಿರುಗಿದರೆ ಆಯಿತು. ಆಮೇಲೆ ಏನಾಗುತ್ತೆ, ಭಾವ ಎದ್ದು ಬಂದು ಬಾಟ್ಲು ಹಿಡಿದು ಓದುತ್ತಾನೆ, ಮುಖ ಸಣ್ಣಗಾಗುತ್ತೆ ಅಂದುಕೊಂಡೆಯಾ, ಇಲ್ಲ, ಅಂಥವರ ಮುಖ ಸಣ್ಣಗಾಗಲ್ಲ, ಗೊತ್ತಿದ್ದೂ ಯಾಕೋ ಹಾಕಿದೆ, ಅಂತಾನೆ, ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ರೋಗ, ಅಂತಾನೆ, ಸ್ನೇಹಿತರಿಬ್ಬರೂ ತಲೆಯಾಡಿಸುತ್ತಾರೆ, ತಪ್ಪು ತಂದವನದಲ್ಲ ಹಾಕಿದವನದು, ತಪ್ಪಿನ ಡಬ್ಬ ಒಂದೇ, ಅದರ ಮೇಲೆ ಬರೆದಿರುವ ಹೆಸರೂ ಒಂದೇ. ಎಲ್ಲ ಬಿಚ್ಚಬೇಕು ಆಮೇಲೆ, ಡಬ್ಬಿ, ಪೈಪು, ಸೀಲುಗಳನ್ನು ಕಿತ್ತು ಹೊಸವು ಹಾಕಬೇಕು, ಪ್ರಯಾಣ ಕೆಟ್ಟಿತು, ಯಾರಿಂದ ಕೆಟ್ಟಿತು, ಓನ್ಲಿ ಮೇಷ್ಟ್ರಿಂದ. ವರ್ಷಗಟ್ಟಲೆ ಹೇಳಿಕೊಂಡು ನಗುತ್ತಾರೆ. ಹೇಳದಿದ್ದರೆ — ಹೇಳದಿದ್ದರೆ ಭಾವ ತಾನೇ ತಂದ ಎಣ್ಣೆ, ತಾನೇ ಓದಿದ ಮುಚ್ಚಳ, ತಾನೇ ಹೇಳಿದ ಮಾತು, ಬಾಯಿ ಮುಚ್ಚಿಕೊಂಡು ಕೈ ಆಡಿಸು ಅಂದದ್ದೂ ತಾನೇ, ನಾಳೆ ಇಳಿಯುವಾಗ ಬೆಟ್ಟದ ಮೂರನೇ ತಿರುವಿನಲ್ಲಿ ತಿಳೀಲಿ, ಓದಿದ್ದು ಎಷ್ಟು ಅಂತ, ತಿಳೀಲಿ — ಅಂದುಕೊಂಡ ಕೂಡಲೇ ಆ ತಿರುವಿನಲ್ಲಿ ಭಾವನ ಬೆನ್ನ ಹಿಂದೆ ಇನ್ನೊಂದು ಬೆನ್ನು ಕಂಡಿತು, ಅಕ್ಕನ ಹಳದಿ ಸೀರೆ, ಆ ಪಾದ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ತರಚಿತು. ಏನಾಯ್ತೋ, ಅಂದಳು ಅಕ್ಕ. ಏನಿಲ್ಲ. ಹಿಡಿ.

ಹಿಂದಿನ ಬ್ರೇಕೂ ಮುಗಿಯಿತು. ಹೇಗೆ ಮುಗಿಯಿತು ಗೊತ್ತಾಗಲಿಲ್ಲ, ಕೈ ತಾನಾಗಿ ಆಡಿತು, ಕೈಗೆ ಬುದ್ಧಿ ಇಲ್ಲ, ಕಲಿಸಿದ್ದನ್ನು ಮಾಡುತ್ತೆ. ಹಳೇ ಆಯಿಲ್ ಹಿಡಿದ ಗಾಜಿನ ಜಾಡಿ ಗೋಡೆಯ ಬುಡದಲ್ಲಿತ್ತು, ಅದರೊಳಗೆ ಎಲ್ಲ ಎರಡಾಗಿ ನಿಂತಿತ್ತು, ಕೆಳಗೆ ಕಷಾಯ, ಮೇಲೆ ತಿಳಿ, ನಡುವೆ ಕೂದಲೆಳೆಯಂಥ ಗೆರೆ, ಅಲ್ಲಾಡಿಸಿದರೂ ಕೂಡಿಕೊಳ್ಳುವುದಿಲ್ಲ, ಕಣ್ಣಿರುವ ಯಾರು ಬೇಕಾದರೂ ನೋಡಬಹುದಿತ್ತು, ನೋಡಲಿ ಅಂತಲೇ ಅವನು ಅದನ್ನು ಬಿಸಿಲಿಗೆ ಸರಿಸಿಟ್ಟ, ಭಾವನ ಕಾಲಿಗೆ ತಾಗುವಷ್ಟು ಹತ್ತಿರ. ನೋಡಿದ್ದು ಅಮ್ಮ. ಇದೇನೋ ಇದು, ಎರಡು ಥರ ನಿಂತಿದೆ, ಅಂದಳು. ಅವನು ಬಾಯಿ ತೆರೆದ. ಭಾವ ಅಂದ, ಅತ್ತೆ, ಅದು ಕೊಳೆ, ಹಳೇದು ಕೆಳಗೆ ಹೊಸದು ಮೇಲೆ, ಚೆಲ್ಲಿಬಿಡಿ ಆಚೆ. ಅಮ್ಮ ಒಯ್ದು ಚರಂಡಿಗೆ ಚೆಲ್ಲಿದಳು. ಭಾವ ಬಂದು ಲಿವರ್ ಹಿಡಿದು ನೋಡಿದ, ಒಮ್ಮೆ, ಎರಡು ಸಲ, ಕಲ್ಲಿನ ಹಾಗೆ ನಿಂತಿತು, ಗಾಳಿಯ ಸುಳಿವಿಲ್ಲ, ನೋಡಿ ಸಾರ್, ಹೀಗಿರಬೇಕು, ತಲೆ ಮೇಲೆ ನಿಂತು ಮಾಡಿಸಿದರೆ ಎಂಥವನ ಕೈಲೂ ಕೆಲಸ ಬರುತ್ತೆ. ಬೆನ್ನು ತಟ್ಟಿದ ಕೂಡ. ಆ ಕೈಯ ಬಿಸಿ ಅಂಗಿಯ ಮೂಲಕ ಇಳಿಯಿತು. ಕಲ್ಲಿನ ಹಾಗಿರುತ್ತೆ, ಇವತ್ತು ಇರುತ್ತೆ, ಹತ್ತುವಾಗ ಬ್ರೇಕಿಗೆ ಏನು ಕೆಲಸ, ಸಂಜೆ ಬೆಟ್ಟದ ಮೇಲೆ ಅಣೆಕಟ್ಟಿನ ಹತ್ತಿರ ಗಾಡಿ ನಿಲ್ಲಿಸಿ ಗೆಸ್ಟ್ ಹೌಸಿನಲ್ಲಿ ನಗುತ್ತಾ ಕೂರುತ್ತಾರೆ, ಓನ್ಲಿ ಮೇಷ್ಟ್ರ ಕಥೆ ಹೇಳಿಕೊಂಡು, ಹೊರಗೆ ಗಾಡಿ ನಿಂತಿರುತ್ತೆ, ಅದರ ಕತ್ತಲೆಯಲ್ಲಿ ಉಂಗುರಗಳು ಕುಡಿಯುತ್ತಾ ಇರುತ್ತವೆ, ಬೆಳಿಗ್ಗೆ ಇಳಿಜಾರು.

ನಾಳೆ ಬೆಳಗಿನವರೆಗೂ ಹೊತ್ತಿದೆ, ಅಕ್ಕನಿಗೆ ಒಂದು ಫೋನ್ ಮಾಡಿದರಾಯಿತು, ಅವಳೊಬ್ಬಳೇ ಸಿಕ್ಕಾಗ, ಯಾರೂ ನಗದಾಗ, ಅಂದುಕೊಂಡ, ಅಂದುಕೊಳ್ಳುತ್ತಿದ್ದಂತೆ ಅಕ್ಕ ಅಮ್ಮನಿಗೆ ಹೇಳುತ್ತಿದ್ದಳು, ಮೇಲೆ ಫೋನ್ ಸಿಗಲ್ಲಮ್ಮ, ಗಾಬರಿ ಆಗಬೇಡ, ನಾಳೆ ಇಳಿದ ಮೇಲೆ ನಾನೇ ಮಾಡ್ತೀನಿ. ಇಳಿದ ಮೇಲೆ. ಭಾವ ಪುಟ್ಟಿಯನ್ನು ಎತ್ತಿ ಟ್ಯಾಂಕಿನ ಮೇಲೆ ಕೂರಿಸಿದ, ಹನಿ ಬಿದ್ದಿದ್ದ ಜಾಗದಲ್ಲೇ, ಅವಳು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಬಾಯಲ್ಲಿ ಗಾಡಿ ಓಡಿಸಿದಳು, ಡುರ್ ಡುರ್, ಮಾಮ, ದಾರಿ ಬಿಡು. ಪುಟ್ಟಿಯೂ ಹೋಗ್ತಾಳಾ, ಅಂದ, ಅವಳನ್ನ ಇಲ್ಲೇ ಬಿಡು ಅಕ್ಕ, ಅಮ್ಮನ ಹತ್ತಿರ. ಅಯ್ಯೋ, ಒಂದು ವಾರದಿಂದ ಕುಣೀತಿದ್ದಾಳೆ, ಅಂದಳು ಅಕ್ಕ. ಇನ್ನೂ ಒಂದು ದಾರಿ ಇದೆ, ಮಾತೇ ಬೇಡದ್ದು, ಬಗ್ಗಿ ನಿಪ್ಪಲನ್ನು ಒಂದು ಸುತ್ತು ಸಡಿಲ ಮಾಡಿದರೆ ಸಾಕು, ಗೇಟು ದಾಟುವ ಮುಂಚೆ ಲಿವರ್ ಭಾವನ ಕೈಯಲ್ಲಿ ಸತ್ತ ಮೀನಿನ ಹಾಗೆ ಮಲಗುತ್ತೆ, ಗಾಡಿ ಹೊರಡಲ್ಲ, ಜೀವ ಉಳಿಯುತ್ತೆ — ನೋಡಿದಿರಾ ಸಾರ್, ನಾನು ಹೇಳಲಿಲ್ಲವಾ, ನಿಪ್ಪಲ್ ಬಿಗಿ ಮಾಡೋಕೂ ಬರಲ್ಲ ಇವನಿಗೆ. ಆ ಮಾತು ಇನ್ನೂ ಯಾರೂ ಆಡಿರಲಿಲ್ಲ, ಆಗಲೇ ಕಿವಿಯಲ್ಲಿ ಉರಿಯಿತು. ಒಂದು ಕೆಲಸ ಗೊತ್ತು ಅವನಿಗೆ ಈ ಲೋಕದಲ್ಲಿ, ಒಂದೇ ಒಂದು, ಅದನ್ನೂ ತನ್ನ ಕೈಯಾರೆ ಕೆಡಿಸಿ ಇವರ ಎದುರು ನಿಲ್ಲಬೇಕಾ. ಸ್ಪ್ಯಾನರ್ ಹಿಡಿದ ಕೈ ಚಕ್ರದ ಕಡೆ ಹೋಯಿತು, ತಿರುಗಿ ಬಂತು. ಬಟ್ಟೆ ತಗೊಂಡು ಒರೆಸತೊಡಗಿದ, ಟ್ಯಾಂಕು, ಹ್ಯಾಂಡಲು, ಬ್ರೇಕಿನ ಡಬ್ಬಿ, ಅದರ ಕಪ್ಪು ಮುಚ್ಚಳ, ಹೆಬ್ಬೆರಳಿನಿಂದ ಒತ್ತಿ ಉಜ್ಜಿದ, ಗ್ರೀಸು ಸುರುಳಿ ಸುರುಳಿಯಾಗಿ ಎದ್ದಿತು, ಅದರಡಿಯಿಂದ ಅಕ್ಷರಗಳು ಒಂದೊಂದೇ, ಯಾರೂ ಅವನನ್ನು ನೋಡುತ್ತಿರಲಿಲ್ಲ, ಅದಕ್ಕೇ ಅವು ಚೆದುರಲಿಲ್ಲ, ಶಿಸ್ತಾಗಿ ನಿಂತವು, ಡಿ, ಓ, ಟಿ, ನಾಲ್ಕು. ಡಾಟ್ ನಾಲ್ಕು, ನೀರಲ್ಲಿ ಬೆರೆಯುವ ಬ್ರೇಕ್ ಆಯಿಲಿನ ಹೆಸರು. ಕೊನೆಯಲ್ಲಿ ಅದೇ ಪದ, ಓನ್ಲಿ. ಎಲ್ಲವನ್ನೂ ಓದಿದ, ತಡವರಿಸದೆ, ಮನಸ್ಸಿನಲ್ಲೇ, ಜೀವನದಲ್ಲಿ ಮೊದಲ ಸಲ ಇಷ್ಟು ಚೆನ್ನಾಗಿ ಓದಿದ, ಕೇಳುವವರು ಇರಲಿಲ್ಲ.

ಒರೆಸುತ್ತಾ ಒರೆಸುತ್ತಾ ಬಟ್ಟೆ ಕೀಲಿ ಇದ್ದಲ್ಲಿಗೆ ಬಂತು, ಬಟ್ಟೆಯೊಳಗೆ ಬೆರಳು ಸುತ್ತಿಕೊಂಡವು, ಕೀಲಿ ಸದ್ದಿಲ್ಲದೆ ಕೈಗೆ ಬಂತು, ಬೆಚ್ಚಗೆ, ಮುಷ್ಟಿ ಮುಚ್ಚಿತು. ಇಷ್ಟೇ. ಮಾತೂ ಬೇಡ, ತಪ್ಪೂ ಬೇಡ, ಗಾಡಿ ಹೋಗಲ್ಲ, ಹುಡುಕಲಿ, ಸಂಜೆವರೆಗೆ ಹುಡುಕಲಿ, ಅವನು ಗ್ಯಾರೇಜಿಗೆ ಹೋಗಿ ಮೇಸ್ತ್ರಿಯನ್ನು ಕರೆದುಕೊಂಡು ಬರುತ್ತಾನೆ, ಮೇಸ್ತ್ರಿ ಹೇಳಿದರೆ ಯಾರೂ ನಗಲ್ಲ. ಬಟ್ಟೆ ಹೆಗಲಿಗೆ ಹಾಕಿ ಗೇಟಿನ ಕಡೆ ಹೊರಟ. ಎಲ್ಲಿಗೋ, ಅಂದಳು ಅಮ್ಮ. ಕಾಲು ನಿಲ್ಲಲಿಲ್ಲ. ಹಿಂದೆ ಭಾವನ ದನಿ, ಕೀ ಎಲ್ಲಿ, ಇಲ್ಲೇ ಇತ್ತಲ್ಲ, ಏ, ಓನ್ಲಿ, ಕೀ ಎಲ್ಲಿ ಇಟ್ಟೆಯೋ, ಕರೀ ಕನ್ನಡಕದವನು ನಗುತ್ತಾ, ಕೋಪ ಬಂದಿರಬೇಕು ಮೇಷ್ಟ್ರಿಗೆ, ಕ್ಲಾಸು ಬಿಟ್ಟು ಹೊರಟರು. ಗೇಟು ದಾಟಿದ, ಕಬ್ಬಿಣದ ಚಿಲಕ ಹಿಂದೆ ತಾನಾಗಿ ಬಡಿದುಕೊಂಡಿತು, ಬೀದಿ, ಬಿಸಿಲು, ತಂತಿಯ ಮೇಲೆ ಎರಡು ಕಾಗೆ, ಚರಂಡಿಯಲ್ಲಿ ಅಮ್ಮ ಚೆಲ್ಲಿದ ಎಣ್ಣೆ ಬಣ್ಣ ಬಣ್ಣವಾಗಿ ಅವನ ಜೊತೆಯಲ್ಲೇ ಹರಿದು ಬರುತ್ತಿತ್ತು. ಹತ್ತು ಹೆಜ್ಜೆ. ಹದಿನೈದು. ಹೋಗಲಿ ಬಿಡೇ, ಅಂದ ಭಾವ ಹಿಂದೆ, ಮುಗಿಸಿಬಿಡುವ ದನಿಯಲ್ಲಿ, ನನ್ನ ಬ್ಯಾಗಿನ ಪಕ್ಕದ ಜೇಬಲ್ಲಿ ಇನ್ನೊಂದು ಕೀ ಇದೆ, ಕೊಡು ಇತ್ತ. ಮುಷ್ಟಿಯೊಳಗಿನ ಕೀಲಿ ತಣ್ಣಗಾಯಿತು. ತಿರುಗಬೇಕು, ಈಗ, ಬಾಯಿ ತೆರೆಯಬೇಕು, ನಾಲ್ಕು ಪದ, ಇದು, ಅನ್ನಬೇಕು, ಮೊದಲ ಪದ, ಆಮೇಲಿನವು ತಾವೇ ಬರುತ್ತವೆ — ಏನೋ ಬಂದು ಗಂಟಲಿನ ಬಾಯಿಗೆ ಅಡ್ಡ ಕೂತಿತ್ತು, ದುಂಡಗೆ, ಮೆತ್ತಗೆ, ಮೇಲಕ್ಕೂ ಬಾರದು ಕೆಳಗೂ ಇಳಿಯದು. ಸ್ಟಾರ್ಟರ್ ಒಮ್ಮೆ ಕೆಮ್ಮಿತು, ಎರಡನೆಯದಕ್ಕೆ ಹತ್ತಿಕೊಂಡಿತು. ಆ ಸದ್ದಿನ ಮೇಲಿಂದ ಅಕ್ಕ ಕೂಗಿದಳು, ಗೇಟಿನ ಕಂಬಿಗಳ ನಡುವೆ ಮುಖ ಇಟ್ಟು ಕೂಗಿರಬೇಕು, ಮರೀ, ಎಲ್ಲ ಸರಿಯಾಗಿದೆ ತಾನೆ, ಬ್ರೇಕು, ಹೋಗಿಬರಲಾ. ಹಿಡಿ, ಅಂದಿದ್ದ, ಹಿಡಿದಿದ್ದಳು, ಬಿಡು, ಅಂದಿದ್ದ, ಬಿಟ್ಟಿದ್ದಳು, ಅವನ ಮಾತಿಗಾಗಿ ಕಾದು ನಿಂತಿದ್ದಾಳೆ, ಕಾಲು ಮುಂದೆ, ಇನ್ನೊಂದು ಕಾಲು ಮುಂದೆ, ಬೆನ್ನ ಹಿಂದೆ ಪುಟ್ಟಿ ಕೂಗುತ್ತಿದ್ದಾಳೆ, ಓಲ್ಲಿ ಮಾಮ, ಟಾಟಾ, ಕಾಲು ಮುಂದೆ, ಕಣ್ಣೆದುರು ಬೀದಿ ಇಲ್ಲ, ಬಾಟ್ಲಿಯ ಮುಚ್ಚಳ ಇದೆ, ಅದರೊಳಗೆ ಎಣ್ಣೆ ಇಲ್ಲ, ಉಂಗುರ ಇದೆ, ಉಬ್ಬಿದೆ, ಇನ್ನೂ ಉಬ್ಬುತ್ತಿದೆ.